ಗೋಬರ್ ಗ್ಯಾಸ್ ಒಲೆಗೆ ಸಿಲಿಂಡರ್ ಜೋಡಿಸಬಾರದೇಕೆ? ಜಲಜನಕದ ಟರ್ಬೈನ್‌ಗೂ ಅದೇ ಪಾಠ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ತೋಟದ ಮನೆಗಳಲ್ಲಿ ಅಡುಗೆಕಟ್ಟೆಯ ಮೇಲೆ ಎರಡು ಬಗೆಯ ಒಲೆ ಇರುವುದು ಹೊಸತಲ್ಲ. ಒಂದು ಸಿಲಿಂಡರಿನದು, ಇನ್ನೊಂದು ಗೋಬರ್ ಗ್ಯಾಸಿನದು. ಮಳೆಗಾಲದ ಥಂಡಿಗೆ ಗುಂಡಿಯೊಳಗಿನ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗಿ ಗ್ಯಾಸು ಸಾಲದಾದಾಗ ಒಂದು ಯೋಚನೆ ಬರುವುದು ಸಹಜ: ಎರಡೂ ಉರಿಯುವ ಗ್ಯಾಸೇ ತಾನೆ, ಪೈಪು ಬದಲಿಸಿ ಅದೇ ಒಲೆಗೆ ಸಿಲಿಂಡರ್ ಜೋಡಿಸಿದರೆ ಏನಾಗುತ್ತದೆ?

ಏನಾಗುತ್ತದೆ ಎಂದರೆ, ಹಳದಿ ಜ್ವಾಲೆ ಮೇಲಕ್ಕೆ ಎದ್ದು ನಿಲ್ಲುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ಅಡುಗೆಮನೆಗೆ ಬೆಂಕಿ ತಗುಲುವ ಅಪಾಯವೂ ಇದೆ. ಇದಕ್ಕೆ ತಿರುಗಾಮುರುಗಾ ಮಾಡಿದರೆ, ಅಂದರೆ ಸಿಲಿಂಡರಿನ ಒಲೆಗೆ ಗೋಬರ್ ಗ್ಯಾಸ್ ಬಿಟ್ಟರೆ, ಜ್ವಾಲೆ ನಿಲ್ಲುವುದೇ ಇಲ್ಲ. ಬರ್ನರಿನಿಂದ ಎದ್ದು ಆರಿಹೋಗುತ್ತದೆ.

ಇದೇ ಪ್ರಶ್ನೆಯನ್ನು ಈಗ ಜಗತ್ತಿನ ದೊಡ್ಡ ಎಂಜಿನಿಯರುಗಳು ಬೇರೆ ಪ್ರಮಾಣದಲ್ಲಿ ಕೇಳಿಕೊಳ್ಳುತ್ತಿದ್ದಾರೆ. ನೈಸರ್ಗಿಕ ಅನಿಲ ಉರಿಸಿ ವಿದ್ಯುತ್ ಮಾಡುವ ಗ್ಯಾಸ್ ಟರ್ಬೈನ್‌ಗೆ ಜಲಜನಕವನ್ನು, ಅಂದರೆ ಹೈಡ್ರೋಜನ್ನನ್ನು, ಕೊಟ್ಟರೆ ಹೊಗೆಯಿಲ್ಲದ ವಿದ್ಯುತ್ ಸಿಗುತ್ತದಲ್ಲವೇ? ಪೈಪು ಬದಲಿಸಿದರೆ ಸಾಲದೇ? ಸಾಲದು. ಏಕೆ ಸಾಲದು ಎಂಬುದನ್ನು ನಮ್ಮ ಅಡುಗೆಕಟ್ಟೆಯಿಂದಲೇ ಶುರು ಮಾಡಿ ನೋಡೋಣ. ಹಾಗೆ ನೋಡಿದರೆ, ಮೊಬೈಲಿನಲ್ಲಿ ಓಡಾಡುವ ‘ನೀರಿನಿಂದ ಉರಿಯುವ ಒಲೆ’ಯ ವಿಡಿಯೊಗಳನ್ನು ಏಕೆ ನಂಬಬಾರದು ಎಂಬುದೂ ತಿಳಿಯುತ್ತದೆ.

ಒಲೆಯ ಜ್ವಾಲೆ ಅಲ್ಲೇ ನಿಲ್ಲುವುದು ಹೇಗೆ?

ಗ್ಯಾಸ್ ಒಲೆಯ ನಾಬ್ ಹಿಂದೆ ಒಂದು ಚಿಕ್ಕ ಹಿತ್ತಾಳೆಯ ಜೆಟ್ ಇರುತ್ತದೆ. ಅದರ ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಗ್ಯಾಸು ರಭಸವಾಗಿ ಹೊರಬಂದು, ಕೊಳವೆಯ ಬಾಯಿಯಲ್ಲಿ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಬರ್ನರ್ ಕಡೆಗೆ ಹೋಗುತ್ತದೆ. ಬರ್ನರಿನ ತೂತುಗಳಲ್ಲಿ ಗ್ಯಾಸು ಮತ್ತು ಗಾಳಿಯ ಮಿಶ್ರಣ ಹೊರಗೆ ಬಂದು ಉರಿಯುತ್ತದೆ.

ಇಲ್ಲಿ ಎರಡು ವೇಗಗಳ ಜಗ್ಗಾಟ ನಡೆಯುತ್ತಿರುತ್ತದೆ. ಮಿಶ್ರಣ ಹೊರಕ್ಕೆ ಬರುವ ವೇಗ ಒಂದು. ಜ್ವಾಲೆ ಮಿಶ್ರಣವನ್ನು ತಿನ್ನುತ್ತಾ ಒಳಕ್ಕೆ ಸರಿಯಲು ನೋಡುವ ವೇಗ ಇನ್ನೊಂದು. ಎರಡೂ ಸರಿಸಮವಾದ ಜಾಗದಲ್ಲಿ ಜ್ವಾಲೆ ನಿಲ್ಲುತ್ತದೆ. ಹೊರಬರುವ ವೇಗ ಹೆಚ್ಚಾದರೆ ಜ್ವಾಲೆ ಎದ್ದು ಹಾರಿ ಆರುತ್ತದೆ. ಜ್ವಾಲೆಯ ವೇಗ ಹೆಚ್ಚಾದರೆ ಅದು ತೂತಿನೊಳಗೆ ನುಗ್ಗಿ ಹಿಂದಕ್ಕೆ ಓಡುತ್ತದೆ.

ಈ ಎರಡನೆಯದನ್ನು ನೀವು ನೋಡಿರಬಹುದು. ಉರಿ ತೀರಾ ಸಣ್ಣ ಮಾಡಿದಾಗ, ಅಥವಾ ಬರ್ನರ್ ಸವೆದು ಸರಿಯಾಗಿ ಕೂರದಿದ್ದಾಗ, ‘ಪಟ್’ ಎಂದು ಸದ್ದಾಗಿ ಮೇಲಿನ ಜ್ವಾಲೆ ಮಾಯವಾಗುತ್ತದೆ. ಆದರೆ ಒಲೆಯೊಳಗಿಂದ ‘ಸುಯ್’ ಎನ್ನುವ ಸದ್ದು ಬರುತ್ತಿರುತ್ತದೆ. ಬೆಂಕಿ ಆರಿಲ್ಲ, ಹಿಂದಕ್ಕೆ ಹೋಗಿ ಜೆಟ್ಟಿನ ಬಾಯಲ್ಲೇ ಉರಿಯುತ್ತಿದೆ. ಎಂಜಿನಿಯರುಗಳು ಇದನ್ನು ಫ್ಲ್ಯಾಶ್‌ಬ್ಯಾಕ್ ಎನ್ನುತ್ತಾರೆ. ಹೀಗಾದಾಗ ಕೂಡಲೇ ನಾಬ್ ಮುಚ್ಚಬೇಕು. ಬರ್ನರ್ ತಣ್ಣಗಾದ ಮೇಲೆ ಸ್ವಚ್ಛಮಾಡಿ ಸರಿಯಾಗಿ ಕೂರಿಸಬೇಕು. ಮತ್ತೆ ಮತ್ತೆ ಆದರೆ ಬರ್ನರ್ ಬದಲಿಸಬೇಕು.

ಗೋಬರ್ ಗ್ಯಾಸಿನಲ್ಲಿ ಸುಮಾರು 60 ಭಾಗ ಮೀಥೇನ್, ಉಳಿದದ್ದು ಹೆಚ್ಚಾಗಿ ಉರಿಯದ ಇಂಗಾಲದ ಡೈಆಕ್ಸೈಡ್. ಆದ್ದರಿಂದ ಅದರ ಜ್ವಾಲೆ ನಿಧಾನ, ಶಾಖವೂ ಕಡಿಮೆ. ಒಂದು ಘನ ಮೀಟರ್ ಸಿಲಿಂಡರ್ ಗ್ಯಾಸು ಕೊಡುವ ಶಾಖ ಗೋಬರ್ ಗ್ಯಾಸಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು, ರೆಗ್ಯುಲೇಟರಿನಿಂದ ಬರುವ ಒತ್ತಡವೂ ಹೆಚ್ಚು. ಹಾಗಾಗಿಯೇ ಗೋಬರ್ ಗ್ಯಾಸ್ ಒಲೆಯ ಜೆಟ್ಟಿನ ತೂತು ದೊಡ್ಡದು. ಆ ದೊಡ್ಡ ತೂತಿಗೆ ಸಿಲಿಂಡರ್ ಗ್ಯಾಸು ಬಿಟ್ಟರೆ ಎಳೆದುಕೊಂಡ ಗಾಳಿ ಸಾಲದೆ ಹಳದಿ ಜ್ವಾಲೆ ಏಳುತ್ತದೆ. ಅಂದರೆ ಒಲೆ ಎಂಬುದು ಬರೀ ಗ್ಯಾಸು ಬರುವ ಬಾಯಲ್ಲ, ಒಂದು ಗೊತ್ತಾದ ಇಂಧನಕ್ಕೆ ಅಳತೆ ಹಿಡಿದು ಮಾಡಿದ ಬಾಯಿ. ಇಂಧನ ಬದಲಾದರೆ ಬಾಯಿಯೂ ಬದಲಾಗಬೇಕು.

ಗ್ಯಾಸ್ ಟರ್ಬೈನ್ ಅಂದರೂ ಒಲೆಯೇ

ಗ್ಯಾಸ್ ಟರ್ಬೈನ್‌ನಲ್ಲಿ ಮೂರು ಭಾಗ. ಮುಂದೆ ಗಾಳಿಯನ್ನು ಹದಿನೈದು, ಇಪ್ಪತ್ತು ಪಟ್ಟು ಒತ್ತಿ ಬಿಸಿಯಾಗಿಸುವ ಕಂಪ್ರೆಸರ್. ನಡುವೆ ಇಂಧನ ಉರಿಯುವ ಕೋಣೆ. ಹಿಂದೆ ಆ ಬಿಸಿ ಅನಿಲದ ರಭಸಕ್ಕೆ ತಿರುಗುವ ಟರ್ಬೈನ್. ವಿಮಾನದ ಜೆಟ್ ಎಂಜಿನ್ನಿನದೂ ಇದೇ ತತ್ವ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಯಲಹಂಕದಲ್ಲಿ 370 ಮೆಗಾವಾಟ್ ಸಾಮರ್ಥ್ಯದ ಅನಿಲ ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಉರಿಯುವುದು ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ, ಅಂದರೆ ಮುಖ್ಯವಾಗಿ ಮೀಥೇನ್. ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ ಮೀಥೇನ್.

ಉರಿಯುವ ಕೋಣೆಗೆ ಇಂಧನ ಬಿಡುವ ಭಾಗವೇ ಇಂಜೆಕ್ಟರ್. ಅಡುಗೆಮನೆಯ ಜೆಟ್, ಗಾಳಿ ಬೆರೆಸುವ ಕೊಳವೆ, ಬರ್ನರ್ ಈ ಮೂರರ ಕೆಲಸವೂ ಅದರ ಮೇಲಿದೆ ಎಂದುಕೊಳ್ಳಿ. ಹಳೆಯ ಟರ್ಬೈನ್‌ಗಳಲ್ಲಿ ಇಂಧನವನ್ನು ನೇರವಾಗಿ ಬೆಂಕಿಗೇ ಬಿಡುತ್ತಿದ್ದರು. ಅಲ್ಲಿಯೇ ಗಾಳಿ ಸೇರಿ ಉರಿಯುತ್ತಿತ್ತು. ಜ್ವಾಲೆ ಹಿಂದಕ್ಕೆ ಹೋಗುವ ಭಯ ಇದರಲ್ಲಿ ಕಡಿಮೆ, ಏಕೆಂದರೆ ಕೊಳವೆಯೊಳಗೆ ಇರುವುದು ಬರೀ ಇಂಧನ. ಗಾಳಿಯಿಲ್ಲದೆ ಬೆಂಕಿ ಅಲ್ಲಿಗೆ ಹೋಗಲಾರದು. ಆದರೆ ಇಂಥ ಜ್ವಾಲೆ ತೀರಾ ಬಿಸಿ. ಬಿಸಿ ಒಂದು ಮಿತಿ ಮೀರಿದರೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದೊಂದಿಗೆ ಸೇರಿ ಸಾರಜನಕದ ಆಕ್ಸೈಡ್‌ಗಳಾಗುತ್ತವೆ. ಉಸಿರಾಟಕ್ಕೆ ಕೆಡುಕು, ಆಮ್ಲಮಳೆಗೂ ಕಾರಣ.

ಅದಕ್ಕಾಗಿ ಹೊಸ ಟರ್ಬೈನ್‌ಗಳಲ್ಲಿ ಇಂಧನವನ್ನು ಬೇಕಾದ್ದಕ್ಕಿಂತ ಹೆಚ್ಚು ಗಾಳಿಯೊಂದಿಗೆ ಮೊದಲೇ ಚೆನ್ನಾಗಿ ಬೆರೆಸಿ, ಆಮೇಲೆ ಉರಿಸುತ್ತಾರೆ. ಜ್ವಾಲೆ ತಂಪಾಗಿರುತ್ತದೆ, ವಿಷಾನಿಲ ಕಡಿಮೆಯಾಗುತ್ತದೆ. ಆದರೆ ಈಗ ಇಂಜೆಕ್ಟರಿನೊಳಗೇ ಉರಿಯಲು ಸಿದ್ಧವಾದ ಮಿಶ್ರಣ ಇದೆ. ಜ್ವಾಲೆ ಹಿಂದಕ್ಕೆ ನುಗ್ಗಿದರೆ ಇಂಜೆಕ್ಟರ್ ಕರಗಿಹೋಗಬಹುದು. ಅದರ ಚೂರು ಕಿತ್ತು ಹಿಂದಿನ ಟರ್ಬೈನ್ ರೆಕ್ಕೆಗಳಿಗೆ ಹೊಡೆದರೆ ಇಡೀ ಯಂತ್ರವೇ ಹಾಳು. ಮೀಥೇನ್‌ಗೆ ಈ ಲೆಕ್ಕವನ್ನು ದಶಕಗಳ ಅನುಭವದಲ್ಲಿ ಹೊಂದಿಸಿಕೊಂಡಿದ್ದಾರೆ. ಜಲಜನಕ ಬಂದು ಆ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ.

ಜಲಜನಕದ ಸ್ವಭಾವವೇ ಬೇರೆ

ಗಾಳಿಯಲ್ಲಿ ಬೆರೆತ ಮೀಥೇನ್‌ನ ಜ್ವಾಲೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಸರಿಯುತ್ತದೆ. ಜಲಜನಕದ್ದು ಎರಡರಿಂದ ಮೂರು ಮೀಟರ್. ಇದು ಗಾಳಿ ಅಲುಗದಿದ್ದಾಗಿನ ಅಳತೆ. ಟರ್ಬೈನ್ ಒಳಗಿನ ಕದಡಿದ ಹರಿವಿನಲ್ಲಿ ಎರಡೂ ಇನ್ನಷ್ಟು ಓಡುತ್ತವೆ.

ಮೀಥೇನ್ ಉರಿಯಬೇಕಾದರೆ ಗಾಳಿಯಲ್ಲಿ ಅದರ ಪಾಲು ಶೇ. 5ರಿಂದ 15ರೊಳಗೆ ಇರಬೇಕು. ಜಲಜನಕ ಶೇ. 4ರಿಂದ 75ರವರೆಗೂ ಉರಿಯುತ್ತದೆ. ಹೊತ್ತಿಕೊಳ್ಳಲು ಅದಕ್ಕೆ ಬೇಕಾದ ಕಿಡಿ ಮೀಥೇನ್‌ಗೆ ಬೇಕಾದ್ದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ಇನ್ನೊಂದು ಗುಣವೂ ಇದೆ. ಜ್ವಾಲೆಯನ್ನು ಸಣ್ಣ ಸಂದಿಯಲ್ಲಿ ತೂರಿಸಲು ಹೋದರೆ ಲೋಹದ ಗೋಡೆ ಶಾಖ ಹೀರಿಕೊಂಡು ಅದನ್ನು ಆರಿಸಿಬಿಡುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿ ಕೆಲಸಗಾರರಿಗಾಗಿ ಮಾಡಿದ ದೀಪದ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಹಾಕಿದ್ದು ಇದೇ ಕಾರಣಕ್ಕೆ. ಒಳಗಿನ ಜ್ವಾಲೆ ಬಲೆ ದಾಟಿ ಗಣಿಯ ಮೀಥೇನನ್ನು ಹೊತ್ತಿಸದಿರಲಿ ಎಂದು. ಮೀಥೇನ್ ಜ್ವಾಲೆಯನ್ನು ಆರಿಸಲು ಎರಡು ಮಿಲಿಮೀಟರಿನಷ್ಟು ಸಂದಿ ಸಾಕು. ಜಲಜನಕದ ಜ್ವಾಲೆಗೆ ಅದು ಹೆಬ್ಬಾಗಿಲು. ಅದನ್ನು ತಡೆಯಲು ಸುಮಾರು 0.6 ಮಿಲಿಮೀಟರಿನಷ್ಟು ಸಣ್ಣ ಸಂದಿ ಬೇಕು.

ಇವುಗಳ ಜೊತೆಗೆ ಗಾತ್ರದ ತೊಂದರೆ. ತೂಕಕ್ಕೆ ನೋಡಿದರೆ ಜಲಜನಕ ಬಹಳ ಶಕ್ತಿಯ ಇಂಧನ. ಆದರೆ ಅದು ಎಷ್ಟು ಹಗುರ ಎಂದರೆ, ಒಂದು ಘನ ಮೀಟರ್ ಮೀಥೇನ್ ಕೊಡುವ ಶಾಖಕ್ಕೆ ಜಲಜನಕ ಮೂರು ಘನ ಮೀಟರಿಗೂ ಹೆಚ್ಚು ಬೇಕು. ಅಷ್ಟು ಗಾತ್ರವನ್ನು ಅದೇ ಹಳೆಯ ತೂತುಗಳಲ್ಲಿ ತೂರಿಸಲು ಆಗುವುದಿಲ್ಲ.

ತುಂಗೆಯ ಮೀನು ಕಲಿಸುವ ಪಾಠ

ಇಲ್ಲಿ ಒಂದು ಸಂದೇಹ ಬರಬಹುದು. ಇಂಜೆಕ್ಟರಿನಲ್ಲಿ ಮಿಶ್ರಣ ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಹರಿಯುತ್ತದೆ. ಅಂಥ ರಭಸದ ಎದುರು ಜ್ವಾಲೆ ಹಿಂದಕ್ಕೆ ಹೋಗುವುದಾದರೂ ಹೇಗೆ?

ಶೃಂಗೇರಿಯ ತುಂಗಾ ತೀರದ ಮೆಟ್ಟಿಲ ಮೇಲೆ ನಿಂತು ಮೀನು ನೋಡಿದವರಿಗೆ ಉತ್ತರ ಹೊಳೆಯುತ್ತದೆ. ನಡುಹೊಳೆಯಲ್ಲಿ ನೀರಿನ ಸೆಳೆತ ಜೋರು. ದಡದ ಪಕ್ಕ ಮತ್ತು ಬಂಡೆಯ ಮರೆಯಲ್ಲಿ ನೀರು ನಿಧಾನ. ಮೇಲಕ್ಕೆ ಈಜಬೇಕಾದ ಮೀನಿಗೆ ಇವೇ ಸುಲಭದ ದಾರಿ. ಯಾವ ಹರಿವಾದರೂ ಅಷ್ಟೇ, ಗೋಡೆಗೆ ತಾಗಿದಲ್ಲಿ ವೇಗ ಸೊನ್ನೆಯಾಗುತ್ತದೆ.

ಜಲಜನಕದ ಜ್ವಾಲೆಯೂ ಈ ಮೀನಿನ ಹಾಗೆ. ಇಂಜೆಕ್ಟರಿನ ಗೋಡೆ ಹಿಡಿದು, ತೆಳುವಾದ ನಿಧಾನ ಪದರದಲ್ಲಿ ಹಿಂದಕ್ಕೆ ತೆವಳುತ್ತದೆ. ಮೀಥೇನ್ ಜ್ವಾಲೆ ಗೋಡೆಯ ಹತ್ತಿರ ಬಂದರೆ ಆರುತ್ತದೆ. ಜಲಜನಕದ್ದು ಇನ್ನೂ ಹತ್ತಿರ ಹೋಗಿಯೂ ಬದುಕುತ್ತದೆ. ಮಿಶ್ರಣವನ್ನು ಸುಳಿಯಾಗಿ ತಿರುಗಿಸುವ ಇಂಜೆಕ್ಟರುಗಳಲ್ಲಿ ಸುಳಿಯ ನಡುಭಾಗವೂ ಇಂಥದೇ ನಿಧಾನದ ದಾರಿ. ಒಳಗೆ ಒಂದು ಮೊನೆಯೋ ಅಂಚೋ ಚಾಚಿಕೊಂಡಿದ್ದರೆ ಅದು ಹೊಳೆಯ ಬಂಡೆಯಂತೆ. ಅದರ ಮರೆಯಲ್ಲಿ ಜ್ವಾಲೆ ಬಂದು ನೆಲೆಸುತ್ತದೆ.

ಹಾಗಾದರೆ ಇಂಜೆಕ್ಟರ್ ಹೇಗಿರಬೇಕು?

ಎಂಜಿನಿಯರುಗಳು ಕಂಡುಕೊಂಡ ಮುಖ್ಯ ದಾರಿ: ಒಂದು ದೊಡ್ಡ ಬಾಯಿಯ ಬದಲು ನೂರಾರು ಪುಟ್ಟ ಬಾಯಿಗಳು. ಪ್ರತಿ ಪುಟ್ಟ ಕೊಳವೆಯಲ್ಲೂ ಗಾಳಿ ನೇರವಾಗಿ, ಸುಳಿಯಿಲ್ಲದೆ, ರಭಸದಿಂದ ಹೋಗುತ್ತದೆ. ಅದಕ್ಕೆ ಜಲಜನಕವನ್ನು ಕೂದಲೆಳೆಯಂಥ ಧಾರೆಯಾಗಿ ಬಿಡುತ್ತಾರೆ. ದಾರಿ ಚಿಕ್ಕದಾದ್ದರಿಂದ ಬೇಗ ಬೆರೆಯುತ್ತದೆ, ಮಿಶ್ರಣ ಒಳಗೆ ನಿಲ್ಲುವ ಹೊತ್ತು ಕಡಿಮೆ. ಒಂದು ದೊಡ್ಡ ಜ್ವಾಲೆಯ ಬದಲು ಸಾಲುಸಾಲು ಪುಟ್ಟ ಜ್ವಾಲೆಗಳು. ಅತಿ ಬಿಸಿಯಲ್ಲಿ ಅನಿಲ ಇರುವ ಸಮಯ ಕಡಿಮೆಯಾಗುವುದರಿಂದ ಸಾರಜನಕದ ಆಕ್ಸೈಡ್‌ಗಳೂ ಕಡಿಮೆ.

ಇದರ ಜೊತೆಗೆ ಗೋಡೆಯ ಪಕ್ಕಕ್ಕೆ ಬರೀ ಗಾಳಿಯ ತೆಳು ಪದರ ಬಿಡುತ್ತಾರೆ. ಅಲ್ಲಿ ಉರಿಯಲು ಇಂಧನವೇ ಇಲ್ಲದಿದ್ದರೆ ಜ್ವಾಲೆ ತೆವಳುವುದೆಲ್ಲಿ? ಒಳಮೈ ನುಣುಪಾಗಿರುವಂತೆ, ಮರೆ ಕೊಡುವ ಅಂಚುಗಳಿಲ್ಲದಂತೆ ನೋಡಿಕೊಳ್ಳುತ್ತಾರೆ. ಇಷ್ಟು ಸೂಕ್ಷ್ಮ ದಾರಿಗಳನ್ನು ಡ್ರಿಲ್ ಹಾಕಿ ಕೊರೆಯುವುದು ಕಷ್ಟ. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಕಟ್ಟುವ ತ್ರೀಡಿ ಮುದ್ರಣ ಇಲ್ಲಿ ನೆರವಿಗೆ ಬಂದಿದೆ.

ಎಲ್ಲಕ್ಕೂ ಬೆಲೆ ಇದೆ. ಸಣ್ಣ ಕೊಳವೆಯಲ್ಲಿ ರಭಸ ಹೆಚ್ಚಿಸಿದರೆ ಒತ್ತಡ ನಷ್ಟವಾಗುತ್ತದೆ, ಟರ್ಬೈನ್‌ನ ದಕ್ಷತೆ ಇಳಿಯುತ್ತದೆ. ಜ್ವಾಲೆ ಗಿಡ್ಡವಾದಂತೆ ಅದು ಉರಿಯುವ ಕೋಣೆಯ ಗಾಳಿಯೊಂದಿಗೆ ತಾಳ ಹಾಕಿ ‘ಹಾಡಲು’ ಶುರು ಮಾಡಬಹುದು. ಆ ಅದುರುವಿಕೆ ಲೋಹವನ್ನು ಬಿರುಕು ಬಿಡಿಸುತ್ತದೆ. ಇಂಜೆಕ್ಟರ್ ವಿನ್ಯಾಸ ಎಂದರೆ ಇವೆಲ್ಲದರ ನಡುವೆ ಹದ ಹುಡುಕುವ ಕೆಲಸ. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು ಸೌದೆ ಒಲೆಯ ಹದ ಹುಡುಕಿ ಅಸ್ತ್ರ ಒಲೆ ಮಾಡಿದ್ದನ್ನು ನೆನೆಯಿರಿ. ಸೌದೆ ಅದೇ, ಬೆಂಕಿ ಅದೇ. ಬದಲಾದದ್ದು ಗಾಳಿ ಹೋಗುವ ದಾರಿ.

ಇದು ಬರೀ ಪ್ರಯೋಗಾಲಯದ ಮಾತೇ?

ಅಲ್ಲ. ಜಲಜನಕಕ್ಕೂ ಗ್ಯಾಸ್ ಟರ್ಬೈನ್‌ಗೂ ಹಳೆಯ ನಂಟು. 1937ರಲ್ಲಿ ಜರ್ಮನಿಯ ಹಾನ್ಸ್ ಫಾನ್ ಓಹೈನ್ ತನ್ನ ಮೊದಲ ಜೆಟ್ ಎಂಜಿನ್ನನ್ನು ಓಡಿಸಿ ತೋರಿಸಿದ್ದೇ ಜಲಜನಕದಿಂದ. ದ್ರವ ಇಂಧನವನ್ನು ಸರಿಯಾಗಿ ಉರಿಸುವುದು ಕಷ್ಟವಾಗಿತ್ತು. ಜಲಜನಕ ಸುಲಭವಾಗಿ ಹೊತ್ತಿಕೊಳ್ಳುತ್ತಿತ್ತು. ಅಂದು ವರವಾದ ಗುಣವೇ ಇಂದು ಇಂಜೆಕ್ಟರ್ ಮಾಡುವವರ ತಲೆನೋವು.

2018ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಕವಾಸಾಕಿ ಕಂಪನಿಯ ಒಂದು ಮೆಗಾವಾಟ್ ದರ್ಜೆಯ ಟರ್ಬೈನ್ ಬರೀ ಜಲಜನಕದಿಂದ ಓಡಿ ಸುತ್ತಲಿನ ಕಟ್ಟಡಗಳಿಗೆ ವಿದ್ಯುತ್ ಮತ್ತು ಶಾಖ ಒದಗಿಸಿತು. ಆಗ ಜ್ವಾಲೆಯ ಬಿಸಿ ತಗ್ಗಿಸಲು ನೀರು ಸಿಂಪಡಿಸಬೇಕಾಗಿತ್ತು. 2020ರಲ್ಲಿ ಅದೇ ಜಾಗದಲ್ಲಿ ಪುಟ್ಟ ಜ್ವಾಲೆಗಳ ಇಂಜೆಕ್ಟರ್ ಹಾಕಿ, ನೀರಿಲ್ಲದೆಯೇ ಓಡಿಸಿದರು. 2023ರಲ್ಲಿ ಫ್ರಾನ್ಸಿನ ಒಂದು ಕಾಗದ ಕಾರ್ಖಾನೆಯಲ್ಲಿ ಸೀಮೆನ್ಸ್ ಎನರ್ಜಿಯ ಟರ್ಬೈನ್ ಕೂಡ ಪೂರ್ತಿ ಜಲಜನಕದಲ್ಲಿ ಓಡಿತು. ಇವೆಲ್ಲ ಚಿಕ್ಕ ಟರ್ಬೈನ್‌ಗಳು. ನೂರಾರು ಮೆಗಾವಾಟಿನ ದೊಡ್ಡ ಯಂತ್ರಗಳಲ್ಲಿ ಈವರೆಗೆ ನಡೆದಿರುವುದು ಹೆಚ್ಚಾಗಿ ನೈಸರ್ಗಿಕ ಅನಿಲಕ್ಕೆ ಒಂದಷ್ಟು ಪಾಲು ಜಲಜನಕ ಬೆರೆಸಿ ಓಡಿಸುವ ಪ್ರಯೋಗ.

ನಾಲ್ಕು ತಪ್ಪು ತಿಳಿವಳಿಕೆಗಳು

‘ಜಲಜನಕ ಉರಿದರೆ ನೀರು ಮಾತ್ರ ಬರುತ್ತದೆ.’ ಶುದ್ಧ ಆಮ್ಲಜನಕದಲ್ಲಿ ಉರಿದರೆ ನಿಜ. ನಾವು ಉರಿಸುವುದು ಗಾಳಿಯಲ್ಲಿ. ಇಂಜೆಕ್ಟರ್ ಸರಿಯಿಲ್ಲದಿದ್ದರೆ ಸಾರಜನಕದ ಆಕ್ಸೈಡ್‌ಗಳು ಮೀಥೇನ್‌ಗಿಂತ ಹೆಚ್ಚೇ ಬರಬಹುದು.

‘ಶೇ. 30 ಜಲಜನಕ ಬೆರೆಸಿದರೆ ಇಂಗಾಲದ ಹೊಗೆ ಶೇ. 30 ಕಡಿಮೆ.’ ಆ 30 ಗಾತ್ರದ ಲೆಕ್ಕ. ಜಲಜನಕ ಹಗುರವಾದ್ದರಿಂದ ಶಾಖದಲ್ಲಿ ಅದರ ಪಾಲು ಶೇ. 11ರ ಆಸುಪಾಸು ಮಾತ್ರ. ಹೊಗೆ ಇಳಿಯುವುದೂ ಅಷ್ಟೇ.

‘ಜಲಜನಕ ಎಂದರೆ ಬಾಂಬು.’ ಹೈಡ್ರೋಜನ್ ಬಾಂಬು ಪರಮಾಣು ಬೀಜಗಳ ಬೆಸುಗೆಯಿಂದ ಸಿಡಿಯುವಂಥದ್ದು. ಉರಿಯುವ ಜಲಜನಕಕ್ಕೂ ಅದಕ್ಕೂ ಸಂಬಂಧವಿಲ್ಲ. ಬಯಲಿನಲ್ಲಿ ಸೋರಿದ ಜಲಜನಕ ಬೇಗ ಮೇಲೇರಿ ಚದುರುತ್ತದೆ. ಮುಚ್ಚಿದ ಕೋಣೆಯಲ್ಲಿ ಮಾತ್ರ ಅಪಾಯ ದೊಡ್ಡದು. ಅದಕ್ಕೆ ವಾಸನೆಯಿಲ್ಲ, ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ಸಿಲಿಂಡರ್ ಗ್ಯಾಸಿಗೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ, ಗೋಬರ್ ಗ್ಯಾಸಿಗೆ ತನ್ನದೇ ಕೆಟ್ಟ ವಾಸನೆ ಇದೆ. ಜಲಜನಕದ ಸೋರಿಕೆ ಮೂಗಿಗೆ ಸಿಗುವುದಿಲ್ಲ, ಉಪಕರಣವೇ ಬೇಕು.

‘ನೀರಿನಿಂದ ಒಲೆ ಉರಿಸಬಹುದು.’ ಇದು ಎಲ್ಲಕ್ಕಿಂತ ಅಪಾಯಕಾರಿ. ನೀರು ಎಂದರೆ ಆಗಲೇ ಉರಿದು ಮುಗಿದ ಜಲಜನಕದ ಬೂದಿ. ಬೂದಿಯನ್ನು ಮತ್ತೆ ಸೌದೆ ಮಾಡಲು ಹೊರಗಿನಿಂದ ಶಕ್ತಿ ಕೊಡಲೇಬೇಕು. ಒಂದು ಕಿಲೋ ಜಲಜನಕ ಉರಿಸಿದರೆ ಸಿಗುವ ಶಕ್ತಿ ಸುಮಾರು 33 ಯೂನಿಟ್. ನೀರಿನಿಂದ ಅದನ್ನು ಬೇರ್ಪಡಿಸಲು ಬೇಕಾಗುವ ವಿದ್ಯುತ್ ಸುಮಾರು 50 ಯೂನಿಟ್. ಅಂದರೆ ಇಂಥ ಒಲೆ ಉರಿಯುವುದು ನೀರಿನಿಂದಲ್ಲ, ಕರೆಂಟಿನಿಂದ, ಅದೂ ನಷ್ಟದಲ್ಲಿ.

ನಷ್ಟವಾದರೂ ತಡೆದುಕೊಳ್ಳಬಹುದು. ಅಪಾಯ ಬೇರೆ ಇದೆ. ಡಬ್ಬಿಯಲ್ಲಿ ಎರಡು ತಗಡು ಇಳಿಬಿಟ್ಟು ಮಾಡುವ ಇಂಥ ಸಲಕರಣೆಗಳಲ್ಲಿ ಜಲಜನಕ ಮತ್ತು ಆಮ್ಲಜನಕ ಒಂದೇ ಪೈಪಿನಲ್ಲಿ ಬೆರೆತು ಬರುತ್ತವೆ. ಜ್ವಾಲೆ ಹಿಂದಕ್ಕೆ ಓಡಲು ಗಾಳಿಯೂ ಬೇಕಿಲ್ಲ, ಎಲ್ಲ ಪೈಪಿನಲ್ಲೇ ಸಿದ್ಧವಿದೆ. ಅದರ ವೇಗ ಗಾಳಿಯಲ್ಲಿನ ಜಲಜನಕದ ಜ್ವಾಲೆಗಿಂತಲೂ ಹೆಚ್ಚು. ಒಮ್ಮೆ ‘ಪಟ್’ ಎಂದರೆ ಸಿಡಿಯುವುದು ಬರ್ನರ್ ಅಲ್ಲ, ಡಬ್ಬಿ. ಟರ್ಬೈನ್ ಮಾಡುವವರು ವರ್ಷಗಟ್ಟಲೆ ತಲೆಕೆಡಿಸಿಕೊಂಡು ತಡೆಯಲು ನೋಡುವುದನ್ನು ಈ ವಿಡಿಯೊಗಳು ಅಡುಗೆಮನೆಗೆ ಕರೆದು ತರುತ್ತವೆ.

ನಮಗೆ ಇದರಿಂದ ಏನು?

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಷ್ಟ್ರೀಯ ಹಸಿರು ಜಲಜನಕ ಯೋಜನೆ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದಿಸುವ ಗುರಿ ಇಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ದಾಸಪ್ಪ ಅವರ ತಂಡ ಸಸ್ಯತ್ಯಾಜ್ಯದಿಂದ, ಉಗಿ ಮತ್ತು ಆಮ್ಲಜನಕದ ನೆರವಿನಲ್ಲಿ, ಕಿಲೋಗೆ 100 ಗ್ರಾಂ ಜಲಜನಕ ತೆಗೆಯುವ ವಿಧಾನವನ್ನು 2022ರಲ್ಲಿ ಪ್ರಕಟಿಸಿತು. ಹಾಗಾಗಿ ಜಲಜನಕದ ಮಾತು ಇನ್ನು ಮುಂದೆ ಹೆಚ್ಚೇ ಕೇಳಿಬರುತ್ತದೆ. ಕೇಳಿದಾಗ ಎರಡು ಪ್ರಶ್ನೆ ಹಾಕಿಕೊಳ್ಳಿ. ಜಲಜನಕ ಬಂದದ್ದು ಎಲ್ಲಿಂದ? ಅದನ್ನು ಉರಿಸುವ ಬಾಯಿಯನ್ನು ಅದಕ್ಕೆಂದೇ ಮಾಡಿದ್ದಾರೆಯೇ?

ಮನೆಯ ಮಟ್ಟಿಗೆ ಹೇಳುವುದಾದರೆ, ಗೋಬರ್ ಗ್ಯಾಸಿಗೆ ಗೋಬರ್ ಗ್ಯಾಸಿನ ಒಲೆ, ಸಿಲಿಂಡರಿಗೆ ಸಿಲಿಂಡರಿನ ಒಲೆ. ಜೆಟ್ಟಿನ ತೂತನ್ನು ಮೊಳೆಯಿಂದಲೋ ಡ್ರಿಲ್ಲಿನಿಂದಲೋ ದೊಡ್ಡದು ಮಾಡಿ ಹೊಂದಿಸಲು ಹೋಗಬೇಡಿ. ಹಾಗೆ ಬದಲಿಸಿದ ಹಳೆಯ ಒಲೆ ಅಟ್ಟದಲ್ಲಿದ್ದರೆ, ಮುಂದೆ ಯಾರೋ ತಿಳಿಯದೆ ಅದಕ್ಕೆ ಸಿಲಿಂಡರ್ ಜೋಡಿಸುವ ಮೊದಲು ಅದರ ಮೇಲೆ ದೊಡ್ಡದಾಗಿ ಬರೆದಿಡಿ. ಗ್ಯಾಸು ಯಾವುದಾದರೂ ಇರಲಿ, ಅದು ಸುರಕ್ಷಿತವೋ ಅಲ್ಲವೋ ಎಂಬುದು ಕೊನೆಗೆ ನಿಂತಿರುವುದು ಅದು ಹೊರಬರುವ ಆ ಸಣ್ಣ ತೂತಿನ ಮೇಲೆ.